ಹನ್ನೊಂದನೆಯ ಬಾಯಿ

ಖೋನ್‌ಕೇನ್
ಬುದ್ಧ ವರ್ಷ ೨೫೪೦, ಮೇ ೩

ಅಮ್ಮನ ಪಾದಕ್ಕೆ ನಮಸ್ಕಾರ.

ನೀನು ಕಟ್ಟಿಕೊಟ್ಟ ಅಂಟಕ್ಕಿ ಅನ್ನ ಮತ್ತು ಒಣಮೀನು ಎರಡು ದಿನ ಬಂದವು. ಮೂರನೆಯ ದಿನ ದಂತ ಕಾಲೇಜಿನ ಊಟದ ತಟ್ಟೆ ಮುಂದೆ ಕೂತಾಗ ಕಾಗದ ಬರೆಯುವ ಮನಸ್ಸಾಯಿತು. ಆ ಅನ್ನ ಕಂಡರೆ ಎಂಥವರಿಗೂ ತಾಯಿ ನೆನಪಾಗುತ್ತಾಳೆ.

ಹೊಸ ವರ್ಷದ ನೀರಾಟದ ದಿನ ಚೋಂಪುವಿನ ಫೋಟೋ ತೆಗೆಯಲು ಹೋದೆನಲ್ಲ, ನಗುವಾಗ ಅವಳು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು. ಮೂರು ವರ್ಷದ ಕೂಸು ಇಷ್ಟು ನಾಚಿಕೆಯನ್ನು ಎಲ್ಲಿ ಕಲಿತಳೋ! ಕೈ ಸರಿಸಿ ನೋಡಿದೆ. ಮೇಲಿನ ನಾಲ್ಕು ಮುಂದಿನ ಹಲ್ಲುಗಳು ಬುಡದವರೆಗೆ ಕಂದಾಗಿ ಸವೆದಿದ್ದವು. ಅವಳ ತಾಯಿ, ನಮ್ಮ ಸುಫಾಪ್ ಅಕ್ಕ, ಪಕ್ಕದಲ್ಲೇ ಇದ್ದಳು. ವರ್ಷಕ್ಕೆ ಎರಡು ಸಲ ಬ್ಯಾಂಕಾಕಿನ ಹೊಲಿಗೆ ಕಾರ್ಖಾನೆಯಿಂದ ಬಂದು ಹೋಗುವವಳು. ನೋಡಿಯೂ ನೋಡದಂತೆ ಮುಖ ತಿರುಗಿಸಿದಳು. ಈಗ ಅವಳು ಮತ್ತೆ ಐದು ತಿಂಗಳ ಬಸುರಿ. ಸೆಪ್ಟೆಂಬರಿನಲ್ಲಿ ಹುಟ್ಟುವ ಮಗುವೂ ಮೂರು ತಿಂಗಳು ತುಂಬಿದ ಮೇಲೆ ನಿನ್ನ ಮಡಿಲಿಗೇ ಬರುತ್ತದೆ. ಆ ಬಾಯಿಗೂ ಹೀಗಾಗಬಾರದು ಅಮ್ಮ. ಬಸ್ಸಿನ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ನನ್ನ ಕೆಲಸ ಏನೆಂದು ನೀನು ಕೇಳಿದ್ದೆ. ಕಿತ್ತ ಹಲ್ಲುಗಳನ್ನು ಕೊಯ್ದು ತೆಳ್ಳನೆಯ ಬಿಲ್ಲೆ ಮಾಡುತ್ತೇನೆ. ಅದನ್ನು ಜೊಲ್ಲಿನಲ್ಲಿ ಅದ್ದಿ ಅದರ ಮೇಲೆ ಯೀಸ್ಟ್ ಬಿಡುತ್ತೇನೆ. ಅಕ್ಕಿ ಹೆಂಡಕ್ಕೆಂದು ನೀನು ಕಟ್ಟುವ ಹುದುಗಿನ ಉಂಡೆಯಲ್ಲಿರುವವರ ಬಳಗವೇ, ಆದರೆ ಇದು ಬೇರೆ ಜಾತಿ. ಮನುಷ್ಯರ ಬಾಯಲ್ಲೇ ಸಂಸಾರ ಹೂಡಿಕೊಂಡಿರುತ್ತದೆ. ಹುಳುಕು ಹಲ್ಲಿನ ಮಕ್ಕಳ ಬಾಯಲ್ಲಿ ಇದು ಹೆಚ್ಚು ಸಿಗುತ್ತದೆ. ನುಣ್ಣನೆಯ ಹಲ್ಲನ್ನು ಇದು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದೇ ನನ್ನ ಪ್ರಶ್ನೆ. ಮೂರು ಸಲ ನೀರಿನಲ್ಲಿ ಜಾಲಿಸಿದರೆ ಬಿಲ್ಲೆ ಬೋಳಾಗುತ್ತದೆ. ಐದು ತಿಂಗಳಿಂದ ಇದೇ ಹಾಡು. ನೀನು ಉಂಡೆಯ ಹಿಟ್ಟನ್ನು ಅಂಗೈಯಲ್ಲಿ ಹಿಡಿದು "ಬಂತು" ಅನ್ನುತ್ತೀಯ, ಅದು ಬಂದೇ ಇರುತ್ತದೆ. ನನ್ನ ಸೂಕ್ಷ್ಮದರ್ಶಕಕ್ಕೆ ಅಷ್ಟು ತಿಳಿಯುವುದಿಲ್ಲ.

ಒಂದು ಉಪಕಾರ ಮಾಡು. ಊರಿನಲ್ಲಿ ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರು ಹದಿನೇಳು ಜನ ಇದ್ದಾರೆ. ಒಪ್ಪಿದವರ ಬಾಯಿಗೂ ಆ ಮಕ್ಕಳ ಬಾಯಿಗೂ ಹತ್ತಿ ಸುತ್ತಿದ ಕಡ್ಡಿ ಒತ್ತಿ ಕೊಳವೆಯೊಳಗಿಟ್ಟು ಕಳಿಸು. ಪೆಟ್ಟಿಗೆ ಬಸ್ಸಿನವನ ಕೈಯಲ್ಲಿ ಬರುತ್ತದೆ. ಹೆಸರು ಬೇಡ, ಮನೆಗೊಂದು ಅಂಕಿ ಹಾಕು. ನೀನು ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ನಿನ್ನ ಮಗಳು,
ಪ್ರನೋಮ್


ನೋಂಗ್ ಸಾಯ್
ಮೇ ೨೧

ಮಗಳೇ ಪ್ರನೋಮ್,

ಹತ್ತೊಂಬತ್ತು ವರ್ಷ ಓದಿ ಕೊನೆಗೆ ಮುದುಕಿಯರ ಬಾಯೊಳಗೆ ಕಡ್ಡಿ ಆಡಿಸುವ ಕೆಲಸ ಹಿಡಿದೆ, ಅದನ್ನೂ ನನ್ನ ಕೈಯಲ್ಲೇ ಮಾಡಿಸಿದೆ. ಭೇಷ್.

ಪಕ್ಕದ ಮನೆಯ ಬುವಾಖಾವ್ ಬಾಯಿ ತೆರೆಯಲೇ ಒಲ್ಲಳು. "ಏನ್ ಹುಡುಕ್ತಿದೀಯೆ ನನ್ನ ಬಾಯೊಳಗೆ? ಇದ್ದ ಹಲ್ಲೆಲ್ಲ ಉದುರಿಹೋದ್ವು. ಬೈಗುಳ ಮಾತ್ರ ಉಳ್ಕೊಂಡಿವೆ, ಅವೂ ಬೇಕಾ?" ಎಂದಳು. "ಅದನ್ನೇ ಮೊದ್ಲು ಕಡ್ಡಿಗೆ ಹತ್ತಿಸ್ಕೊಡು, ನನ್ ಮಗಳು ಓದ್ಕೋತಾಳೆ" ಎಂದೆ. ಬಿದ್ದು ಬಿದ್ದು ನಕ್ಕಳು. ಬಾಯಿ ತೆರೆದಾಗ ನನ್ನ ಕೆಲಸ ಆಗಿಹೋಯಿತು. ಮಕ್ಕಳದ್ದೇ ಕಷ್ಟ. ಒಬ್ಬ ಕಡ್ಡಿಯನ್ನು ಕಚ್ಚಿಕೊಂಡು ಓಡಿಹೋಗಿ ಭತ್ತದ ಕಣಜದ ಹಿಂದೆ ಅಡಗಿದ.

ಮೊದಲು ನಿನ್ನ ಬಿಲ್ಲೆಯ ಮಾತು ಕೇಳು. ಹುದುಗನ್ನು ಒಂಟಿಯಾಗಿ ಬಿಟ್ಟು ಅದು ನಿಲ್ಲುವುದಿಲ್ಲವೆಂದು ಅಳುತ್ತೀಯಲ್ಲ! ನನ್ನ ಉಂಡೆಯಲ್ಲಿ ಯಾರು ಯಾರಿದ್ದಾರೋ ನನಗೆ ಗೊತ್ತಿಲ್ಲ. ಆದರೆ ಒಬ್ಬರಲ್ಲ. ಒಬ್ಬ ಬಿಳಿ ಬೂಷ್ಟು ಹರಡುತ್ತಾನೆ, ಒಬ್ಬ ಅನ್ನವನ್ನು ಸಿಹಿ ಮಾಡುತ್ತಾನೆ, ಇನ್ನೊಬ್ಬ ಆ ಸಿಹಿ ಕುಡಿದು ಅಮಲೇರಿಸುತ್ತಾನೆ. ಒಬ್ಬನನ್ನು ಕೆಡಿಸಿದರೆ ಮಿಕ್ಕವರೂ ಮುನಿಸಿಕೊಳ್ಳುತ್ತಾರೆ. ನಿನ್ನ ಯೀಸ್ಟಿಗೂ ಜೊತೆ ಯಾರೆಂದು ಹುಡುಕು. ಚಿಕ್ಕವಳಿದ್ದಾಗ ಉಂಡೆಗಳನ್ನಿಡುವ ಹೊಟ್ಟಿನ ತಟ್ಟೆಯ ಪಕ್ಕ ಕೂತು ಇದನ್ನೆಲ್ಲ ನೋಡಿದ್ದೀಯ. ಪುಸ್ತಕ ಸೇರಿದ ಮೇಲೆ ಮರೆತೆ.

ಬಸ್ಸು ಬರುವುದಕ್ಕೆ ಎರಡು ದಿನ ಇತ್ತು. ಕಡ್ಡಿಗಳು ಕೆಡಬಾರದಲ್ಲ, ನಮ್ಮ ಮನೆಯಲ್ಲಿ ಯಾವ ಜಾಗದಲ್ಲಿ ಹುದುಗು ಸುಖವಾಗಿರುತ್ತದೋ ಅಲ್ಲೇ ಇಟ್ಟಿದ್ದೆ. ಗಾಳಿಯಾಡಲೆಂದು ಬಿರಡೆಗಳನ್ನೂ ಸ್ವಲ್ಪ ಸಡಿಲ ಮಾಡಿದೆ. ಚಿಂತೆ ಬೇಡ.

ಚೋಂಪು ನಿನ್ನನ್ನು ಕೇಳುತ್ತಾಳೆ. ಫೋಟೋದಲ್ಲಿ ಅವಳ ಕೈ ಮಾತ್ರ ಬಂದಿದೆ ಎಂದು ಬೇಜಾರು.

ಅಮ್ಮ


ಖೋನ್‌ಕೇನ್
ಜೂನ್ ೧೨

ಅಮ್ಮನಿಗೆ ನಮಸ್ಕಾರ, ಮತ್ತು ಒಂದು ದೂರು.

ಮೂವತ್ತನಾಲ್ಕು ಕಡ್ಡಿಗಳನ್ನೂ ಗಾಜಿನ ತಟ್ಟೆಗಳಲ್ಲಿ ಸವರಿ ಬೆಚ್ಚಗಿಟ್ಟೆ. ಎರಡನೆಯ ದಿನ ಬಾಗಿಲು ತೆರೆದರೆ ಪ್ರಯೋಗಶಾಲೆಯಲ್ಲಿ ನಮ್ಮ ಮನೆಯ ಜಗಲಿಯ ವಾಸನೆ! ನಮ್ಮ ಗುರು ಅಚಾನ್ ವಿಪಾವಿ ಮೂಗೆತ್ತಿಕೊಂಡು ಒಳಗೆ ಬಂದರು. "ಯಾರ್ರೀ ಇಲ್ಲಿ ಅಕ್ಕಿ ಹೆಂಡ ಕಾಯಿಸ್ತಿರೋರು? ಪ್ರನೋಮ್, ಇದು ದಂತ ಕಾಲೇಜಮ್ಮ" ಎಂದರು. ಮೂವತ್ತನಾಲ್ಕು ತಟ್ಟೆಗಳಲ್ಲೂ ಒಂದೇ ಬಿಳಿ ಬೂಷ್ಟು. ಊರಿನ ಅಜ್ಜಿಯರ ಬಾಯಲ್ಲಿ, ಮಕ್ಕಳ ಬಾಯಲ್ಲಿ, ಕಣಜದ ಹಿಂದೆ ಓಡಿಹೋದವನ ಬಾಯಲ್ಲಿ, ಎಲ್ಲೆಲ್ಲೂ ನಿನ್ನ ಉಂಡೆಯದೇ ರಾಜ್ಯ. ನೀನು ಪೆಟ್ಟಿಗೆಯನ್ನು ಹುದುಗಿನ ಬುಟ್ಟಿಯಲ್ಲಿಟ್ಟೆ ತಾನೇ?

ಕಾರಣ ಹೇಳಿದಾಗ ಅಚಾನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು, "ಎಷ್ಟು ಗಟ್ಟಿ ಹುದುಗು ಕಣೆ ಇದು! ನಿಮ್ಮಮ್ಮನ ಕೈಗುಣ ದೊಡ್ಡದು" ಎಂದರು. ಅವರು ಯಾರನ್ನೂ ಹೊಗಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ಈಗ ಒಳ್ಳೆಯ ಸುದ್ದಿ. ನಿನ್ನ ಮಾತು ಕೇಳಿದೆ. ಹಲ್ಲು ಹುಳುಕಾಗಿಸುವ ಸಣ್ಣ ಜೀವಾಣು ಒಂದಿದೆ, ಮಣಿಸರದ ಹಾಗೆ ಸಾಲುಗಟ್ಟಿ ಕೂರುವಂಥದ್ದು. ಅದನ್ನೂ ಯೀಸ್ಟನ್ನೂ ಒಟ್ಟಿಗೆ ಬಿಟ್ಟು, ಸ್ವಲ್ಪ ಸಕ್ಕರೆ ನೀರು ಹಾಕಿದೆ. ಜೀವಾಣು ಸಕ್ಕರೆ ತಿಂದು ಗೋಂದು ಮಾಡಿತು. ಗೋಂದು ಯೀಸ್ಟಿನ ಮೈಗೂ ಹಲ್ಲಿಗೂ ಮೆತ್ತಿಕೊಂಡಿತು. ಮೂರಲ್ಲ, ಹತ್ತು ಸಲ ಜಾಲಿಸಿದೆ. ಬಿಡಲಿಲ್ಲ! ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡ ಯೀಸ್ಟಿನ ಮೈತುಂಬ ಆ ಸಣ್ಣವರು ಹತ್ತಿ ಕೂತಿದ್ದಾರೆ. ಯೀಸ್ಟ್ ಉದ್ದನೆಯ ಎಳೆಗಳನ್ನು ಚಾಚಿ ಇನ್ನಷ್ಟು ಜನಕ್ಕೆ ಜಾಗ ಮಾಡಿಕೊಡುತ್ತಿದೆ. ಇಬ್ಬರೂ ಸೇರಿ ಹುಳಿ ಕಾರುತ್ತಾರೆ, ಅದರಲ್ಲಿ ಹಲ್ಲು ಕರಗುತ್ತದೆ. ಮಕ್ಕಳ ಹಲ್ಲು ತಿನ್ನುವವರೆಂದು ಗೊತ್ತಿದ್ದೂ ನಾನು ಒಂದು ಗಂಟೆ ಬೆರಗಾಗಿ ನೋಡುತ್ತಾ ಕೂತೆ. ಎಷ್ಟು ಅಚ್ಚುಕಟ್ಟಾದ ಕೂಡುಕುಟುಂಬ ಅಮ್ಮ! ಐದು ತಿಂಗಳಿಂದ ನನಗೆ ಹೊಳೆಯದ್ದನ್ನು ನೀನು ಹೊಟ್ಟಿನ ತಟ್ಟೆ ಮುಂದೆ ಕೂತೇ ಹೇಳಿಬಿಟ್ಟೆ.

ಹೊಸ ಪೆಟ್ಟಿಗೆ ಕಳಿಸಿದ್ದೇನೆ. ದಯವಿಟ್ಟು ಬಿರಡೆ ಬಿಗಿ ಮಾಡು. ಹುದುಗಿನ ಬುಟ್ಟಿಯಿಂದ ದೂರ, ಬೇಕಾದರೆ ವಿಹಾರದ ಭಿಕ್ಷುಗಳ ಹತ್ತಿರ ಇಡು.

ಪ್ರನೋಮ್


ನೋಂಗ್ ಸಾಯ್
ಜೂನ್ ೩೦

ಮಗಳೇ,

ನಾಚಿಕೆಯಿಂದ ಎರಡು ದಿನ ಉಂಡೆ ಕಟ್ಟಲಿಲ್ಲ. ಮೂರನೆಯ ದಿನ ನಿನ್ನ ಗುರುಗಳ ಮಾತನ್ನು ಬುವಾಖಾವ್‌ಗೆ ಓದಿ ಹೇಳಿದೆ. ನಾಲ್ಕನೆಯ ದಿನ ಇಡೀ ಬೀದಿಗೆ ಓದಿ ಹೇಳಿದೆ. ಈಗ ಸಮಾಧಾನವಾಗಿದೆ.

ಮತ್ತೆ ಹದಿನೇಳು ಮನೆ ಸುತ್ತಿದೆ. "ಮೊದ್ಲಿನ ಎಂಜಲು ಏನಾಯ್ತೇ, ಕುಡಿದುಬಿಟ್ರಾ?" ಎಂದು ಎಲ್ಲರೂ ಕಾಡಿಸಿದರು. ಈ ಸಲ ಪೆಟ್ಟಿಗೆಯನ್ನು ಶಾಲೆಯ ಮೇಷ್ಟರ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ಹೆಸರು ಹಾಕಿಲ್ಲ, ಅಂಕಿ ಮಾತ್ರ. ಯಾವ ಅಂಕಿ ಯಾರದ್ದೆಂದು ನನ್ನ ತಲೆಯಲ್ಲಿದೆ. ಚೋಂಪುವಿನದ್ದೂ ನನ್ನದೂ ಇದೆ. ಯಾವುದೆಂದು ಹೇಳುವುದಿಲ್ಲ, ನಿನ್ನ ಕಾನೂನು ತಾನೇ.

ಅವಳಿಗೆ ಈಗ ದವಡೆಯ ಹಲ್ಲೂ ನೋಯುತ್ತಿದೆ. ಮೀನು ಕಚ್ಚಲಾರಳು, ಅನ್ನವನ್ನೂ ಒಂದೇ ಕಡೆ ಇಟ್ಟುಕೊಂಡು ಕೂರುತ್ತಾಳೆ. ಮೂರು ವರ್ಷವಾಯಿತು, ಅಗಿದು ಕೊಡುವ ವಯಸ್ಸು ಮೀರಿತು ಎಂದು ಬುವಾಖಾವ್ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ನೋಯುವಾಗ ಮಗು ಏನು ತಿನ್ನಬೇಕು? ಅನ್ನ, ಮೀನು ಎಲ್ಲವನ್ನೂ ನಾನೇ ಅಗಿದು ಬಾಳೆಲೆಯ ಚೂರಿನ ಮೇಲಿಟ್ಟು ಕೊಡುತ್ತೇನೆ. ನನ್ನ ಕಟ್ಟಿಸಿದ ಹಲ್ಲು ಇನ್ನೂ ಗಟ್ಟಿಯಾಗಿದೆ; ಅದನ್ನು ಬಾಯಿಂದ ತೆಗೆಯುವುದೇ ಇಲ್ಲ. ಸುಫಾಪ್ ಸಿಹಿ ಹಾಲಿನ ಡಬ್ಬಿಗಳನ್ನು ಪೆಟ್ಟಿಗೆಗಟ್ಟಲೆ ಕಳಿಸುತ್ತಾಳೆ. ಮಧ್ಯಾಹ್ನ ಅದನ್ನು ಕಲಸಿ ಬಾಟಲಿಗೆ ಹಾಕಿ ಬಾಯಿಗಿಟ್ಟರೆ ಹಾಗೇ ನಿದ್ದೆ ಹೋಗುತ್ತಾಳೆ. "ಇದು ಅಮ್ಮನ ಹಾಲು" ಎಂದು ಡಬ್ಬಿಗೆ ಮುತ್ತು ಕೊಡುತ್ತಾಳೆ.

ಉತ್ತರ ಬೇಗ ಬರೆ.

ಅಮ್ಮ


ಖೋನ್‌ಕೇನ್
ಆಗಸ್ಟ್ ೧೮

ಅಮ್ಮನಿಗೆ ನಮಸ್ಕಾರ.

ತಡವಾಯಿತು. ಇಲ್ಲಿ ಮಳೆ ಜೋರು. ಹಾಸ್ಟೆಲಿನ ಮುಂದೆ ಮೊಣಕಾಲುದ್ದ ನೀರು ನಿಂತು ಕಪ್ಪೆಗಳು ಮೆಟ್ಟಿಲು ಹತ್ತಿದ್ದವು. ನಾಲ್ಕು ದಿನ ವಿದ್ಯುತ್ತು ಸರಿಯಾಗಿ ಇರಲಿಲ್ಲ. ನಿಮ್ಮ ಕಡೆ ನಾಟಿ ಮುಗಿಯಿತೇ? ಮಾಳಿಗೆ ಸೋರುವ ಜಾಗಕ್ಕೆ ತಗಡು ಹಾಕಿಸಿದೆಯಾ?

ಈ ಸಲದ ಕಡ್ಡಿಗಳು ಚೆನ್ನಾಗಿ ಬಂದವು. ಯೀಸ್ಟಿನಲ್ಲೂ ಮನೆತನಗಳಿರುತ್ತವೆ; ಯಾವುದು ಯಾವ ಮನೆತನದ್ದೆಂದು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹದಿನೇಳರಲ್ಲಿ ಆರು ಮನೆಗಳಲ್ಲಿ ಅಜ್ಜಿಯ ಬಾಯದ್ದೂ ಮಗುವಿನ ಬಾಯದ್ದೂ ಒಂದೇ ಮನೆತನ. ನಾಲ್ಕು, ಏಳು, ಒಂಬತ್ತು, ಹನ್ನೊಂದು, ಹದಿಮೂರು, ಹದಿನಾರು. ಹನ್ನೊಂದರಲ್ಲಿ ಯೀಸ್ಟಿನ ಸಂಖ್ಯೆ ಸ್ವಲ್ಪ ಹೆಚ್ಚು.

ಅನ್ನವನ್ನು ಮೆತ್ತಗೆ ಬೇಯಿಸಿದರೆ ಅಗಿಯುವ ಅಗತ್ಯ ಇರಲಾರದು ಎಂದು ಇಲ್ಲಿ ಒಬ್ಬರು ಹೇಳುತ್ತಿದ್ದರು. ಸುಮ್ಮನೆ ಬರೆದೆ.

ಅಕ್ಕನ ಆರೋಗ್ಯ ಹೇಗಿದೆ? ಮಳೆ ಇನ್ನೂ ಒಂದು ವಾರ ಇದೆಯಂತೆ.

ಪ್ರನೋಮ್


ನೋಂಗ್ ಸಾಯ್
ಸೆಪ್ಟೆಂಬರ್ ೨೭

ಪ್ರನೋಮ್,

ನಿನ್ನ ಕಾಗದದಲ್ಲಿ ಕಪ್ಪೆಗಳಿಗೆ ಸಿಕ್ಕಷ್ಟು ಜಾಗವೂ ಹನ್ನೊಂದಕ್ಕೆ ಸಿಕ್ಕಿಲ್ಲ. ಅಂಕಿ ಹಾಕಿದವಳು ನಾನು. ಹನ್ನೊಂದು ಯಾರೆಂದು ನಾನು ಯಾರನ್ನು ಹೋಗಿ ಕೇಳಲಿ? ನಿನಗೂ ತಿಳಿದಿತ್ತು. ಇಲ್ಲದಿದ್ದರೆ ತಗಡಿನ ವಿಚಾರ ಬರೆಯುವವಳಲ್ಲ ನೀನು.

ಕಾಗದ ಓದಿ ಕಟ್ಟಿಸಿದ ಹಲ್ಲನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತೆ. ಬಿಳಿ ಪೊರೆ ಕಟ್ಟಿತ್ತು. ಕೆಟ್ಟ ಹುದುಗನ್ನು ಮೂಸಿಯೇ ಹೇಳುವವಳು ಎಂದು ಊರೆಲ್ಲ ನನ್ನನ್ನು ಕರೆಯುತ್ತದೆ. ನನ್ನ ಬಾಯೊಳಗಿನದು ನನಗೆ ಗೊತ್ತಾಗಲಿಲ್ಲ. ಬಹಳ ಅತ್ತೆ ಮಗಳೇ. ಆ ಕೂಸಿಗೆ ಒಳ್ಳೆಯ ತುತ್ತನ್ನು ನಾನು ನುಂಗದೆ ಕೊಟ್ಟೆ, ಅದರ ಜೊತೆ ಇದನ್ನೂ ಕೊಟ್ಟೆ.

ಅಂದಿನಿಂದ ಅಗಿದು ಕೊಟ್ಟಿಲ್ಲ. ಮೊದಲ ದಿನ ಚೋಂಪು ಬಾಯಿ ಬಿಗಿಹಿಡಿದು ಕೂತಳು. "ಅಜ್ಜಿ, ನಿನ್ ಬಾಯಿಂದ ಕೊಡು" ಎಂದಳು. ಒಲ್ಲೆ ಎಂದೆ. "ನನ್ ಮೇಲೆ ಕೋಪಾನಾ?" ಎಂದು ಕೇಳಿದಳು. ಇದಕ್ಕೆ ಏನು ಹೇಳಬೇಕೆಂದು ನಿನ್ನ ಕಾಲೇಜಿನಲ್ಲಿ ಕಲಿಸಿದ್ದರೆ ಬರೆದು ಕಳಿಸು.

ಸುಫಾಪ್‌ಗೆ ಈ ತಿಂಗಳ ಹದಿನೆಂಟಕ್ಕೆ ಗಂಡು ಮಗು ಆಯಿತು. ಡಿಸೆಂಬರಿಗೆ ತಂದು ಬಿಡುತ್ತಾಳೆ. ಆದ್ದರಿಂದ ಈಗ ನಾನು ಕೇಳುವುದಕ್ಕೆ ಸುತ್ತಿ ಬಳಸದೆ ಉತ್ತರ ಕೊಡು. ನನಗೆ ನನ್ನಮ್ಮ ಅಗಿದು ಕೊಟ್ಟಳು. ನಿನಗೆ, ಸುಫಾಪ್‌ಗೆ ನಾನು ಅಗಿದು ಕೊಟ್ಟೆ. ನಿಮ್ಮಿಬ್ಬರ ಒಂದು ಹಲ್ಲೂ ಹುಳುಕಾಗಲಿಲ್ಲ, ಯಾಕೆ? ನಿನ್ನ ಜೂನ್ ತಿಂಗಳ ಕಾಗದವನ್ನು ಮತ್ತೆ ತೆಗೆದು ಓದಿದೆ. ಸಕ್ಕರೆ ನೀರು ಹಾಕಿದೆ ಎಂದು ಬರೆದಿದ್ದೀಯ. ಹಾಕದಿದ್ದರೆ ಏನಾಗುತ್ತಿತ್ತು?

ತಪ್ಪು ನನ್ನದೆಂದಾದರೆ ನನ್ನದೆಂದೇ ಬರೆ. ಕೆಟ್ಟ ಉಂಡೆಯನ್ನು ಕೆಟ್ಟದ್ದು ಎಂದು ಹೇಳುವುದನ್ನು ನಾನೇ ನಿನಗೆ ಕಲಿಸಿದ್ದು. ಅಮ್ಮನದ್ದು ಎಂದು ತಟ್ಟೆಯಲ್ಲಿ ಉಳಿಸಿಕೊಳ್ಳಬೇಡ.

ಖಾಂಫೋಯ್


ಖೋನ್‌ಕೇನ್
ಅಕ್ಟೋಬರ್ ೧೦

ಅಮ್ಮ,

ನೀನು ಹೆಸರು ಹಾಕಿ ಸಹಿ ಮಾಡಿದ್ದನ್ನು ನೋಡಿ ನನ್ನ ಎದೆ ಒಡೆಯಿತು. ಕ್ಷಮಿಸು. ನೇರವಾಗಿ ಬರೆಯಲು ಮೂರು ಸಲ ಕೂತೆ. ಹಾಳೆ ಹರಿದೆ, ಆಮೇಲೆ ಕಪ್ಪೆ ಬರೆದೆ. ನಿನ್ನ ಬಗ್ಗೆ ಕೆಟ್ಟ ಸುದ್ದಿಯನ್ನು ನಿನಗೇ ಹೇಳುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ನಿನಗೆ ಕೇಳುವ ಧೈರ್ಯ ಇತ್ತು.

ನಿನ್ನ ಪ್ರಶ್ನೆಯನ್ನು ಅಚಾನ್‌ಗೆ ತೋರಿಸಿದೆ. "ಇದನ್ನ ನೀನು ಮೊದ್ಲೇ ಮಾಡ್ಬೇಕಿತ್ತು, ನಾಚಿಕೆ ಆಗ್ಬೇಕು ನಿನಗೆ. ನಿಮ್ಮಮ್ಮನ್ನ ಇಲ್ಲಿಗೆ ಸೇರಿಸಿ, ನೀನು ಊರಿಗ್ಹೋಗಿ ಉಂಡೆ ಕಟ್ಟು" ಎಂದರು. ಸಕ್ಕರೆ ಹಾಕದೆ ಹನ್ನೊಂದನ್ನೇ ಇಟ್ಟು ಮಾಡಿದೆ. ಆರು ಸಲ ಮಾಡಿದೆ. ಅದೇ ಯೀಸ್ಟ್, ಅದೇ ಜೀವಾಣು, ಅದೇ ಹಲ್ಲಿನ ಬಿಲ್ಲೆ. ಗೋಂದಿಲ್ಲ. ಜಾಲಿಸಿದಾಗ ಬಹುಪಾಲು ಜಾರಿಹೋದವು. ಅಲ್ಲೊಂದು ಇಲ್ಲೊಂದು ಉಳಿಯಿತು, ಬಂದ ನೆಂಟರ ಹಾಗೆ. ಸಕ್ಕರೆ ಹಾಕಿದ ತಟ್ಟೆಯಲ್ಲಿ ಮಾತ್ರ ಮನೆ ಕಟ್ಟಿಕೊಂಡು ಕೂತರು.

ಇನ್ನೊಂದು ಕೆಲಸವನ್ನೂ ಮಾಡಿದೆ. ಯಾರಿಗೂ ಹೇಳದೆ ನನ್ನ ಬಾಯಿಗೇ ಕಡ್ಡಿ ಒತ್ತಿಕೊಂಡು ಪರೀಕ್ಷೆಗೆ ಇಟ್ಟೆ. ಹನ್ನೊಂದು. ನಿನ್ನದೇ ಮನೆತನ ಅಮ್ಮ. ನೀನು ಕೊಟ್ಟ ತುತ್ತಿನ ಜೊತೆ ಬಂದದ್ದು ಇಪ್ಪತ್ತೇಳು ವರ್ಷವಾದರೂ ಹೋಗಿಲ್ಲ. ನಾನು ಊರು ಬಿಟ್ಟೆ, ಹಾಸ್ಟೆಲುಗಳನ್ನು ಬದಲಿಸಿದೆ, ಅದು ನನ್ನನ್ನು ಬಿಡಲಿಲ್ಲ. ನನ್ನ ಒಂದು ಹಲ್ಲೂ ಹುಳುಕಾಗಿಲ್ಲ, ನಮ್ಮ ಮನೆಯಲ್ಲಿ ಆಗ ಸಿಹಿ ಹಾಲಿನ ಡಬ್ಬಿ ಇರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತು ನಾನೂ ಅತ್ತೆ, ಆದರೆ ಬೇಜಾರಿನಿಂದಲ್ಲ.

ಈಗ ನೀನು ಕೇಳಿದ ಹಾಗೆ ಸುತ್ತಿ ಬಳಸದೆ ಹೇಳುತ್ತೇನೆ. ಪೂರ್ತಿ ತಪ್ಪು ನಿನ್ನದಲ್ಲ. ಮಲಗುವಾಗ ಬಾಯಲ್ಲಿ ಉಳಿದ ಸಿಹಿ ಹಾಲು ದೊಡ್ಡ ತಪ್ಪು. ಆದರೂ ನೀನು ಅಗಿದು ಕೊಡುವುದನ್ನು ನಿಲ್ಲಿಸಿದ್ದು ಸರಿ. ಹೊಸ ಮಗುವಿಗೆ ಶುರು ಮಾಡಬೇಡ. ಕಟ್ಟಿಸಿದ ಹಲ್ಲನ್ನು ಮಲಗುವಾಗ ತೆಗೆದು, ಉಜ್ಜಿ, ನೀರಿನಲ್ಲಿಡು. ಚೋಂಪುವನ್ನು ನವೆಂಬರಿನಲ್ಲಿ ಇಲ್ಲಿಗೆ ಕರೆದುಕೊಂಡು ಬಾ. ದವಡೆಯ ಹಲ್ಲುಗಳನ್ನು ಉಳಿಸಬಹುದು. ಮುಂದಿನ ನಾಲ್ಕು ಹೋಗುತ್ತವೆ. ಕೀಳುವಾಗ ನಾನೇ ಅವಳ ಕೈ ಹಿಡಿದುಕೊಂಡಿರುತ್ತೇನೆ.

ಡಬ್ಬಿಯ ವಿಷಯವನ್ನು ಅಕ್ಕನಿಗೆ ಯಾರು ಹೇಳುವುದು? ಅವಳು ಆ ಮಗುವಿಗೆ ಕೊಡಲು ಸಾಧ್ಯವಿದ್ದದ್ದು ಅದೊಂದೇ.

ನಿನ್ನ ಮಗಳು,
ಪ್ರನೋಮ್


ನೋಂಗ್ ಸಾಯ್
೨೫೪೧, ಜನವರಿ ೧೧

ಮಗಳೇ,

ಡಬ್ಬಿಯ ವಿಷಯ ನಾನೇ ಹೇಳಿದೆ. ಡಿಸೆಂಬರಿನಲ್ಲಿ ಸುಫಾಪ್ ಮಗುವನ್ನು ಎತ್ತಿಕೊಂಡು ಬಂದಾಗ ಬಸ್ಸಿನ ಮೇಲಿಂದ ಮೊದಲು ಇಳಿದದ್ದೇ ಡಬ್ಬಿಗಳ ಪೆಟ್ಟಿಗೆ. ಅವಳಿಗೆ ಊಟ ಬಡಿಸಿದೆ. ಆಮೇಲೆ ನಿನ್ನ ಕಾಗದವನ್ನು ತೆಗೆದು ಮೊದಲು ನನ್ನ ತಪ್ಪಿನ ಭಾಗ ಓದಿದೆ, ಆಮೇಲೆ ಅವಳದ್ದು. ಹಾಗೆ ಓದಿದ್ದಕ್ಕೆ ಅವಳು ಎದ್ದು ಹೋಗಲಿಲ್ಲ. ಒಂದು ಡಬ್ಬಿಯನ್ನು ಮತ್ತೆ ಪೆಟ್ಟಿಗೆಯೊಳಗಿಡುತ್ತಾ, "ನಾನ್ ಇಲ್ಲಿಲ್ವಲ್ಲಮ್ಮ, ಅವಳಿಗೆ ಏನಾದ್ರೂ ಸಿಹಿ ಇರ್ಲಿ ಅಂತ" ಎಂದಳು. "ನಂಗೆ ಹಲ್ಲಿಲ್ಲ, ನಿಂಗೆ ರಜಾ ಇಲ್ಲ. ಇಬ್ರೂ ಸೇರಿ ಕೂಸಿನ ಬಾಯಿ ಕೆಡಿಸಿದ್ವಿ, ಇನ್ನು ಇಬ್ರೂ ಸೇರಿ ನೋಡ್ಕೊಳ್ಳೋಣ" ಎಂದೆ. ಆಗ ನಕ್ಕಳು. ಇನ್ನು ಮೇಲೆ ವಾರಕ್ಕೊಮ್ಮೆ ಮೇಷ್ಟರ ಮನೆಗೆ ಫೋನ್ ಮಾಡುತ್ತಾಳಂತೆ. ಚೋಂಪುವಿಗೆ ಡಬ್ಬಿಗಿಂತ ಅದೇ ಇಷ್ಟವಾಗಿದೆ.

ನವೆಂಬರಿನಲ್ಲಿ ನೀನು ಕೀಳಿಸಿದ ನಾಲ್ಕು ಹಲ್ಲುಗಳನ್ನು ಬಂದ ದಿನವೇ ಮಾಡಿನ ಮೇಲೆ ಎಸೆದೆವು. ಹೊಸ ಹಲ್ಲು ಬರುವುದಕ್ಕೆ ಇನ್ನೂ ಮೂರು ನಾಲ್ಕು ವರ್ಷ ಎಂದು ನೀನು ಹೇಳಿದ್ದೆ. ಅವಳು ಮಾತ್ರ ಮಾರನೆಯ ಬೆಳಿಗ್ಗೆಯೇ ಏಣಿ ಇಟ್ಟು ನೋಡು ಎಂದು ಹಟ ಮಾಡಿದಳು. ನೋವೂ ಇಲ್ಲ, ಕಂದು ಹಲ್ಲೂ ಇಲ್ಲ, ಈಗ ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ಬೋಳು ಬಾಯಿ ತೆರೆದು ಬುವಾಖಾವ್‌ಗೆ ತೋರಿಸಿ, "ನಾವಿಬ್ರೂ ಒಂದೇ" ಎನ್ನುತ್ತಾಳೆ. ಈ ಸಲದ ಫೋಟೋದಲ್ಲಿ ಪೂರ್ತಿ ಬಾಯಿ ಸಿಗುತ್ತದೆ, ಬಾ.

ಹುಡುಗನಿಗೆ ನಾಲ್ಕು ತಿಂಗಳು ತುಂಬುತ್ತಾ ಬಂತು. ಇಷ್ಟರಲ್ಲಿ ನಿಮಗೆಲ್ಲ ನಾನು ಅನ್ನ ತೋರಿಸಿದ್ದೆ. ಇವನಿಗೆ ಆರು ತಿಂಗಳಾಗಲಿ ಎಂದು ನೀನು ಹೇಳಿದ್ದೀಯ, ಕಾಯುತ್ತೇನೆ. ಒಂದು ಸಣ್ಣ ಕಲ್ಲಿನ ಕುಟ್ಟಾಣಿ ತಂದಿದ್ದೇನೆ. ಕೈ ಹದ ತಪ್ಪದಿರಲಿ ಎಂದು ಈಗಿನಿಂದಲೇ ದಿನಾ ಒಂದು ಹಿಡಿ ಅನ್ನವನ್ನು ಅದರಲ್ಲಿ ಕುಟ್ಟುತ್ತೇನೆ, ಅದನ್ನು ಚೋಂಪು ತಿನ್ನುತ್ತಾಳೆ. ಬಾಯಿ ಮಾಡುವಷ್ಟು ಚೆನ್ನಾಗಿ ಕಲ್ಲು ಮಾಡುವುದಿಲ್ಲ. ಎಲ್ಲಿ ಗಂಟಿದೆ, ಎಲ್ಲಿ ಉಪ್ಪು ಹೆಚ್ಚಾಯಿತು ಎಂದು ಅದು ಹೇಳುವುದಿಲ್ಲ. ಇದನ್ನು ನಿನ್ನ ಮುಂದೆಯೇ ಹೇಳುತ್ತೇನೆ, ಬೇಕಾದರೆ ಬರೆದುಕೋ.

ಮೊನ್ನೆ ಬೆಳಿಗ್ಗೆ ಕುಟ್ಟುತ್ತಿದ್ದಾಗ ಚೋಂಪು ನನ್ನ ಮುಖವನ್ನೇ ನೋಡುತ್ತಾ ನಿಂತಳು. "ಅಜ್ಜಿ, ಬಾಯಲ್ಲಿ ಏನಿಟ್ಕೊಂಡಿದೀಯ?"

"ಏನಿಲ್ವಲ್ಲೇ."

"ಮತ್ತೆ ಅಗೀತಿದೀಯಲ್ಲ!"

ನನಗೆ ಗೊತ್ತೇ ಇರಲಿಲ್ಲ. ಕೈ ಕುಟ್ಟುತ್ತಿದ್ದರೆ ಬರಿದಾದ ದವಡೆ ತನ್ನ ಪಾಡಿಗೆ ಅಗಿಯುತ್ತಿತ್ತು. ಬಾಯಿ ತೆರೆದು ತೋರಿಸಿದೆ. ಅವಳು ಒಳಗೆ ಇಣುಕಿ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಸರಿ, ಕೊಡಿಲ್ಲಿ" ಎಂದು ಕುಟ್ಟಾಣಿಯ ಕೋಲನ್ನು ಕಿತ್ತುಕೊಂಡಳು. ತಮ್ಮನಿಗೆ ಕುಟ್ಟಿಕೊಡಲು ತಾನೂ ಕಲಿಯಬೇಕಂತೆ. ಎರಡೂ ಕೈಯಲ್ಲಿ ಹಿಡಿದು ಕುಟ್ಟಿದಳು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನಾಲ್ಕೈದು ಏಟು ಬೀಳುವಷ್ಟರಲ್ಲಿ ಅವಳ ಬೋಳು ಬಾಯಿಯೂ ಖಾಲಿಯಾಗಿ ಅಗಿಯತೊಡಗಿತು.

ಹುಡುಗ ಚಾಪೆಯ ಮೇಲೆ ಮಲಗಿಕೊಂಡು ಇಬ್ಬರ ಬಾಯಿಯನ್ನೂ ನೋಡುತ್ತಿದ್ದ.

ಅಮ್ಮ